ಸ್ಕ್ರೂಜ್ ಮೆಕ್‌ಡಕ್: ಕಾಮಿಕ್ಸ್ ಪುಟದಿಂದ ವಿಡಿಯೊ ಗೇಮಿನ ಮರುಸೃಷ್ಟಿಯವರೆಗೆ

2013ರ ಆಗಸ್ಟ್ ತಿಂಗಳಿನಲ್ಲಿ ಜಪಾನಿನ ಕ್ಯಾಪ್ಕಾಮ್ ಕಂಪನಿಯು ‘ಡಕ್‌ಟೇಲ್ಸ್: ರೀಮಾಸ್ಟರ್ಡ್’ ಎಂಬ ವಿಡಿಯೊ ಗೇಮನ್ನು ಬಿಡುಗಡೆ ಮಾಡಿತು. ಇದು ಅದೇ ಕಂಪನಿ 1989ರಲ್ಲಿ ನಿಂಟೆಂಡೊದ 8-ಬಿಟ್ ಯಂತ್ರಕ್ಕಾಗಿ ತಯಾರಿಸಿದ್ದ ಗೇಮಿನ ಹೊಸ ರೂಪ. ಎರಡರಲ್ಲೂ ನಾಯಕ ಒಬ್ಬನೇ: ಎತ್ತರದ ಟೋಪಿ, ಮೂಗಿನ ಮೇಲೆ ಕನ್ನಡಕ, ಕೈಯಲ್ಲಿ ಊರುಗೋಲು ಹಿಡಿದ ಮುದಿ ಬಾತುಕೋಳಿ, ಜಗತ್ತಿನ ಅತಿ ಸಿರಿವಂತ ಸ್ಕ್ರೂಜ್ ಮೆಕ್‌ಡಕ್. ಹಳೆಯ ಗೇಮಿನಲ್ಲಿ ಅವನಿಗೆ ಧ್ವನಿಯೇ ಇರಲಿಲ್ಲ. ಹೊಸದರಲ್ಲಿ ಅವನು ಸ್ಕಾಟ್‌ಲೆಂಡಿನ ಉಚ್ಚಾರಣೆಯಲ್ಲಿ ಗದರುತ್ತಾನೆ, ಗೊಣಗುತ್ತಾನೆ, ಸೋದರಳಿಯ ಡೊನಾಲ್ಡ್ ಡಕ್‌ನ ಸೋದರಳಿಯಂದಿರಾದ ಮೂವರು ಪೋರರಿಗೆ ಬುದ್ಧಿ ಹೇಳುತ್ತಾನೆ. ಆ ಧ್ವನಿಯನ್ನು ಕೊಟ್ಟವರು 1980ರ ದಶಕದ ದೂರದರ್ಶನ ಸರಣಿಯಲ್ಲಿಯೂ ಅವನಿಗೆ ದನಿಯಾಗಿದ್ದ ನಟ ಅಲನ್ ಯಂಗ್. ಆಗ ಅವರಿಗೆ 93 ವರ್ಷ.

ಹೊಸ ಗೇಮನ್ನು ಆಡಿದವರಲ್ಲಿ ಬಹಳಷ್ಟು ಮಂದಿ ಆ ಧ್ವನಿಯನ್ನು ಕೇಳಿಯೇ ಪುಳಕಿತರಾದರು. ಆದರೆ ಅದೇ ಆಟಗಾರರಲ್ಲಿ ಅನೇಕರು, ಮಾತು ಅತಿಯಾಯಿತು, ಆಟ ಪದೇಪದೇ ನಿಲ್ಲುತ್ತದೆ ಎಂದೂ ಬೇಸರಿಸಿಕೊಂಡರು. ಈ ಎರಡು ಪ್ರತಿಕ್ರಿಯೆಗಳಿಗೂ ಕಾರಣ ಒಂದೇ ಎಂಬುದು ನನ್ನ ಅಭಿಪ್ರಾಯ. ಅದನ್ನು ತಿಳಿಯಬೇಕಾದರೆ ಈ ಪಾತ್ರ ಕಾಮಿಕ್ಸ್‌ನಲ್ಲಿ ಹುಟ್ಟಿ, ದೂರದರ್ಶನಕ್ಕೆ ಹೋಗಿ, ಅಲ್ಲಿಂದ ಗೇಮಿಗೆ ಇಳಿದ ದಾರಿಯನ್ನು ಮೊದಲಿನಿಂದ ನೋಡಬೇಕಾಗುತ್ತದೆ.

ಮಿಕ್ಕಿ ಮೌಸ್, ಡೊನಾಲ್ಡ್ ಡಕ್ ಮೊದಲಾದವರು ಸಿನಿಮಾ ಪರದೆಯ ಮೇಲೆ ಹುಟ್ಟಿದವರು. ಸ್ಕ್ರೂಜ್ ಹಾಗಲ್ಲ, ಅವನು ಕಾಗದದ ಮೇಲೆ ಹುಟ್ಟಿದವನು. ಡಿಸ್ನಿ ಸ್ಟುಡಿಯೊದಲ್ಲಿ ಏಳು ವರ್ಷ ದುಡಿದು 1942ರಲ್ಲಿ ಹೊರಬಂದ ಕಾರ್ಲ್ ಬಾರ್ಕ್ಸ್ ಎಂಬ ಕಲಾವಿದರು, ಡೊನಾಲ್ಡ್‌ನ ಕಾಮಿಕ್ಸ್ ಕಥೆಗಳನ್ನು ತಾವೇ ಬರೆದು ತಾವೇ ಚಿತ್ರಿಸುತ್ತಿದ್ದರು. 1947ರ ಕೊನೆಯಲ್ಲಿ ಬಂದ ಒಂದು ಕ್ರಿಸ್‌ಮಸ್ ಕಥೆಗೆ ಅವರಿಗೆ ಡೊನಾಲ್ಡ್‌ನ ಸಿರಿವಂತ ಮಾವನೊಬ್ಬ ಬೇಕಾಗಿದ್ದನು. ಚಾರ್ಲ್ಸ್ ಡಿಕನ್ಸ್ ಅವರ ಪ್ರಸಿದ್ಧ ಜಿಪುಣನ ಹೆಸರನ್ನೇ ಅವನಿಗೆ ಇಟ್ಟರು. ದೊಡ್ಡ ಬಂಗಲೆಯಲ್ಲಿ ಒಂಟಿಯಾಗಿ ಕುಳಿತು, ತನ್ನನ್ನು ಯಾರೂ ಇಷ್ಟಪಡುವುದಿಲ್ಲ, ತನಗೂ ಯಾರೂ ಇಷ್ಟವಿಲ್ಲ ಎಂದು ಸಿಡಿಮಿಡಿಗೊಳ್ಳುವ ಆ ಮುದುಕ ಒಂದೇ ಕಥೆಗೆಂದು ಬಂದವನು. ಆದರೆ ಬಾರ್ಕ್ಸ್ ಅವನನ್ನು ಕೈಬಿಡಲಿಲ್ಲ. ಮುಂದಿನ ಐದು ವರ್ಷಗಳಲ್ಲಿ ಅವನ ಬೆನ್ನು ನೆಟ್ಟಗಾಯಿತು, ಕಣ್ಣಿನಲ್ಲಿ ತೇಜಸ್ಸು ಬಂತು, ಗುಡ್ಡದ ಮೇಲೆ ಅವನಿಗೊಂದು ಬೃಹತ್ ತಿಜೋರಿ ಕಟ್ಟಡ ಎದ್ದಿತು. ಆ ತಿಜೋರಿಯಲ್ಲಿರುವ ಹಣದ ಪ್ರಮಾಣವನ್ನು ಬಾರ್ಕ್ಸ್ ‘ಮೂರು ಘನ ಎಕರೆ’ ಎಂದು ಹೇಳುತ್ತಿದ್ದರು. ಅಂಥ ಅಳತೆ ಲೋಕದಲ್ಲಿಲ್ಲ. ಅಳೆಯಲಾಗದ ಸಂಪತ್ತಿಗೆ ಇಲ್ಲದ ಅಳತೆಯೇ ಸರಿ.

1952ರಲ್ಲಿ ಸ್ಕ್ರೂಜ್‌ನ ಹೆಸರಿನದೇ ಪತ್ರಿಕೆ ಆರಂಭವಾದಾಗ ಅದರ ಮೊದಲ ಸಂಚಿಕೆಗಾಗಿ ಬಾರ್ಕ್ಸ್ ಬರೆದ ‘ಓನ್ಲಿ ಎ ಪೂರ್ ಓಲ್ಡ್ ಮ್ಯಾನ್’ ಎಂಬ ಕಥೆಯಲ್ಲಿ ಈ ಪಾತ್ರದ ಸ್ವಭಾವವೆಲ್ಲ ನೆಲೆಗೊಂಡಿದೆ. ಸ್ಕ್ರೂಜ್ ತನ್ನ ನಾಣ್ಯಗಳ ರಾಶಿಯಲ್ಲಿ ಕಡಲಹಂದಿಯಂತೆ ಧುಮುಕುತ್ತಾನೆ, ಹೆಗ್ಗಣದಂತೆ ಬಿಲ ತೋಡುತ್ತಾನೆ, ಹಣವನ್ನು ಮೇಲಕ್ಕೆ ಎರಚಿ ತಲೆಯ ಮೇಲೆ ಸುರಿಸಿಕೊಳ್ಳುತ್ತಾನೆ. ಕೈಗೆ ಸಿಕ್ಕ ನಾಣ್ಯವನ್ನು ಎಲ್ಲಿ, ಯಾವ ವರ್ಷ ಗಳಿಸಿದೆನೆಂದು ನೆನಪಿನಿಂದ ಹೇಳಬಲ್ಲವನು ಅವನು. ಕಡಲಿನಲ್ಲಿ, ಗಣಿಗಳಲ್ಲಿ, ದನಗಾಹಿಗಳ ಕಾಳಗಗಳಲ್ಲಿ ದುಡಿದೆ, ಗಟ್ಟಿಗರಿಗಿಂತ ಗಟ್ಟಿಯಾಗಿ ಚತುರರಿಗಿಂತ ಚತುರನಾಗಿ ದುಡಿದೆ, ನ್ಯಾಯವಾಗಿ ದುಡಿದೆ ಎಂಬುದು ಅವನ ಹೆಮ್ಮೆ. ಹಣ ಅವನ ಪಾಲಿಗೆ ಖರ್ಚು ಮಾಡುವ ವಸ್ತುವೇ ಅಲ್ಲ. ಅದು ಅವನು ಬಾಳಿದ ಬಾಳಿನ ಲೆಕ್ಕಪುಸ್ತಕ. ಕಥೆಯ ಕೊನೆಯಲ್ಲಿ ಕಳ್ಳರ ಗುಂಪಾದ ಬೀಗಲ್ ಬಾಯ್ಸ್ ಅವನ ಹಣವನ್ನೆಲ್ಲ ವಶಪಡಿಸಿಕೊಳ್ಳುತ್ತಾರೆ. ಕೊನೆಯದಾಗಿ ಒಮ್ಮೆ ಧುಮುಕುತ್ತೇನೆಂದು ಅವರ ಅಪ್ಪಣೆ ಪಡೆದು ಸ್ಕ್ರೂಜ್ ನಾಣ್ಯಗಳ ನಡುವೆ ಈಜಿ ತೋರಿಸುತ್ತಾನೆ. ಆಸೆಗೊಂಡ ಕಳ್ಳರು ತಾವೂ ಧುಮುಕುತ್ತಾರೆ. ಗಟ್ಟಿ ಲೋಹಕ್ಕೆ ತಲೆ ಬಡಿದು ಅಲ್ಲಿಯೇ ಪ್ರಜ್ಞೆ ತಪ್ಪಿ ಬೀಳುತ್ತಾರೆ. ನಿನಗೆ ಹೇಗೆ ಸಾಧ್ಯವಾಯಿತು ಎಂದು ಕೇಳಿದರೆ, ಅದೊಂದು ಕೈಚಳಕ ಎಂದಷ್ಟೇ ಅವನು ಉತ್ತರಿಸುತ್ತಾನೆ. ಗಳಿಸಿದವನಿಗೆ ನೀರಾಗುವ ಹಣ ಕದ್ದವನಿಗೆ ಕಲ್ಲಾಗುವ ಈ ಪ್ರಸಂಗದಷ್ಟು ಸೊಗಸಾದ ಕಾಮಿಕ್ಸ್ ಕಟ್ಟನ್ನು ನಾನು ಬೇರೆ ಕಡೆ ಕಂಡದ್ದು ಕಡಿಮೆ.

ಬಾರ್ಕ್ಸ್ ಕಥೆಗಳು ಬರಿಯ ನಿಧಿ ಬೇಟೆಗಳಾಗಿರಲಿಲ್ಲ ಎಂಬುದಕ್ಕೆ 1954ರ ‘ಟ್ರಾಲಾ ಲಾ’ ಸಾಕ್ಷಿ. ಹಣದ ಗೋಳಿನಿಂದ ನರಗಳು ಕುಸಿದ ಸ್ಕ್ರೂಜ್, ಹಣವೆಂಬುದೇ ಇಲ್ಲದ ಹಿಮಾಲಯದ ಕಣಿವೆಯೊಂದಕ್ಕೆ ಹೋಗುತ್ತಾನೆ. ಅವನ ಔಷಧಿಯ ಬಾಟಲಿಯ ಮುಚ್ಚಳವೊಂದು ಅಲ್ಲಿನವನೊಬ್ಬನ ಕೈಗೆ ಸಿಗುತ್ತದೆ. ಹಿಂದೆಂದೂ ಕಾಣದ ವಸ್ತುವಾದ್ದರಿಂದ ಎಲ್ಲರಿಗೂ ಅದು ಬೇಕಾಗುತ್ತದೆ, ಬೇಗನೆ ಮುಚ್ಚಳವೇ ನಾಣ್ಯವಾಗುತ್ತದೆ. ದುರಾಸೆಯನ್ನು ತಣಿಸಲೆಂದು ಸ್ಕ್ರೂಜ್ ವಿಮಾನಗಳಿಂದ ನೂರು ಕೋಟಿ ಮುಚ್ಚಳಗಳನ್ನು ಸುರಿಸಲು ಆದೇಶ ಕೊಟ್ಟಾಗ ಹೊಲಗಳೆಲ್ಲ ಮುಚ್ಚಿಹೋಗುತ್ತವೆ. ಕೊರತೆಯಿಂದ ಬೆಲೆ ಹುಟ್ಟುವುದು, ಪೂರೈಕೆ ಮಿತಿಮೀರಿದಾಗ ಬೆಲೆ ಬಿದ್ದುಹೋಗುವುದು ಹೇಗೆಂದು ಹತ್ತು ವರ್ಷದ ಹುಡುಗನಿಗೂ ತಿಳಿಯುವಂತೆ ಹೇಳಿದ ಕಥೆ ಅದು. ಇಷ್ಟೆಲ್ಲ ಬರೆದ ಬಾರ್ಕ್ಸ್ ಅವರ ಹೆಸರು ಮಾತ್ರ ಪತ್ರಿಕೆಯಲ್ಲಿ ಅಚ್ಚಾಗುತ್ತಿರಲಿಲ್ಲ. ಎಲ್ಲವೂ ವಾಲ್ಟ್ ಡಿಸ್ನಿಯ ಹೆಸರಿನಲ್ಲಿ ಬರುತ್ತಿದ್ದವು. ಓದುಗರು ಗೆರೆಯ ಗುಣದಿಂದಲೇ ಗುರುತಿಸಿ ಅವರನ್ನು ‘ಒಳ್ಳೆಯ ಬಾತುಕೋಳಿ ಕಲಾವಿದ’ ಎಂದು ಕರೆಯುತ್ತಿದ್ದರು.

1987ರ ಸೆಪ್ಟೆಂಬರ್‌ನಲ್ಲಿ ಡಿಸ್ನಿ ‘ಡಕ್‌ಟೇಲ್ಸ್’ ಎಂಬ ದೂರದರ್ಶನ ಸರಣಿಯನ್ನು ಆರಂಭಿಸಿದಾಗ ಅದರ ಹಲವು ಕಂತುಗಳು ಬಾರ್ಕ್ಸ್ ಕಥೆಗಳನ್ನೇ ಆಧರಿಸಿದ್ದವು. ಆದರೆ ಬದಲಾವಣೆಗಳೂ ಆದವು. ಡೊನಾಲ್ಡ್‌ನನ್ನು ನೌಕಾಪಡೆಗೆ ಕಳುಹಿಸಿ ಬದಿಗೆ ಸರಿಸಲಾಯಿತು. ಅವನ ಜಾಗಕ್ಕೆ ವಿಮಾನವನ್ನು ನೆಲಕ್ಕಪ್ಪಳಿಸುವುದರಲ್ಲೇ ಹೆಸರಾದ ಲಾಂಚ್‌ಪ್ಯಾಡ್, ಪುಟ್ಟ ಹುಡುಗಿ ವೆಬ್ಬಿ, ಅವಳ ಅಜ್ಜಿ ಶ್ರೀಮತಿ ಬೀಕ್ಲಿ ಬಂದರು. ಕಾಮಿಕ್ಸ್‌ನಲ್ಲಿ ಸಾಮಾನ್ಯವಾಗಿ ಕೆಂಪಾಗಿದ್ದ ಸ್ಕ್ರೂಜ್‌ನ ಕೋಟು ನೀಲಿಯಾಯಿತು. ಸ್ವಭಾವವೂ ತುಸು ಮೆದುವಾಯಿತು: ಕಾಮಿಕ್ಸ್‌ನ ಸ್ಕ್ರೂಜ್ ಮಕ್ಕಳಿಗೆ ಗಂಟೆಗಿಷ್ಟು ಎಂದು ಪುಡಿಗಾಸು ಕೊಟ್ಟು ದುಡಿಸುವವನಾದರೆ, ದೂರದರ್ಶನದ ಸ್ಕ್ರೂಜ್ ಅವರನ್ನು ಮನೆಯಲ್ಲಿಟ್ಟು ಸಾಕುವ ಹಿರಿಯನಾದನು. ನಮ್ಮಲ್ಲಿ ಬಹುಪಾಲು ಜನ ಮೊದಲು ಕಂಡದ್ದು ಈ ನೀಲಿ ಕೋಟಿನವನನ್ನೇ. 1990ರ ದಶಕದಲ್ಲಿ ದೂರದರ್ಶನವು ಭಾನುವಾರಗಳಂದು ಈ ಸರಣಿಯನ್ನು ಹಿಂದಿಯಲ್ಲಿ ಪ್ರಸಾರ ಮಾಡಿತು. ಹಿಂದಿ ಅಷ್ಟಾಗಿ ಬಾರದ ಕರ್ನಾಟಕದ ಮನೆಗಳಲ್ಲಿಯೂ ಮಕ್ಕಳು ಅದರ ಶೀರ್ಷಿಕೆ ಗೀತೆಯನ್ನು ಬಾಯಿಪಾಠ ಮಾಡಿದ್ದರು.

ಇದೇ ಸರಣಿಯ ಹಕ್ಕು ಪಡೆದು ಕ್ಯಾಪ್ಕಾಮ್ 1989ರಲ್ಲಿ ಗೇಮನ್ನು ತಯಾರಿಸಿತು. ಆಗಿನ ನಿಂಟೆಂಡೊ ಯಂತ್ರದ ಮಿತಿಗಳನ್ನು ಗಮನದಲ್ಲಿಟ್ಟುಕೊಳ್ಳದೆ ಈ ಗೇಮಿನ ಜಾಣ್ಮೆ ಅರ್ಥವಾಗುವುದಿಲ್ಲ. ಪರದೆಯ ಮೇಲೆ ಅಡ್ಡಲಾಗಿ 256, ಉದ್ದಕ್ಕೆ 240 ಚುಕ್ಕೆಗಳು ಮಾತ್ರ. ಚಲಿಸುವ ಚಿತ್ರದ ಒಂದೊಂದು ತುಣುಕಿಗೆ ಮೂರೇ ಬಣ್ಣಗಳು. ಸಂಗೀತಕ್ಕೆ ಐದು ಧ್ವನಿವಾಹಿನಿಗಳು, ಅವುಗಳಲ್ಲಿ ರಾಗ ನುಡಿಸಲು ಒದಗುವುದು ಮುಖ್ಯವಾಗಿ ಮೂರು. ಇಡೀ ಗೇಮ್, ಚಿತ್ರ ಸಂಗೀತ ಸಮೇತ, ಹಿಡಿಸಿದ್ದು 128 ಕಿಲೊಬೈಟ್‌ಗಳಲ್ಲಿ. ಇಂದು ಮೊಬೈಲಿನಲ್ಲಿ ತೆಗೆಯುವ ಒಂದು ಫೋಟೊ ಅದಕ್ಕಿಂತ ಎಷ್ಟೋ ಪಟ್ಟು ದೊಡ್ಡದು. ಇಂಥ ಇಕ್ಕಟ್ಟಿನಲ್ಲಿ ಕಥೆ ಹೇಳಲು ಜಾಗವೇ ಇರುವುದಿಲ್ಲ. ಆದ್ದರಿಂದ ಪಾತ್ರದ ಗುಣವನ್ನು ಚಲನೆಯೊಳಗೆ ಇಡಬೇಕಾಗುತ್ತದೆ.

ಕ್ಯಾಪ್ಕಾಮ್ ಆರಿಸಿಕೊಂಡದ್ದು ಊರುಗೋಲನ್ನು. ಗಾಳಿಯಲ್ಲಿದ್ದಾಗ ಕೆಳಗಿನ ಗುಂಡಿಯನ್ನೂ ಬಿ ಗುಂಡಿಯನ್ನೂ ಒಟ್ಟಿಗೆ ಒತ್ತಿ ಹಿಡಿದರೆ ಸ್ಕ್ರೂಜ್ ಕೋಲನ್ನು ಕಾಲಡಿಗೆ ತಂದು ಅದರ ಮೇಲೆ ಕುಪ್ಪಳಿಸುತ್ತಾನೆ. ಹೀಗೆ ಕುಪ್ಪಳಿಸುವಾಗ ಅವನು ಇನ್ನಷ್ಟು ಎತ್ತರಕ್ಕೆ ಏರಬಲ್ಲ, ಶತ್ರುಗಳ ನೆತ್ತಿಯ ಮೇಲೆ ಎರಗಬಲ್ಲ, ನಡೆದರೆ ಘಾಸಿಯಾಗುವ ಮುಳ್ಳುಗಳ ಮೇಲೆಯೂ ಏನೂ ಆಗದಂತೆ ಸಾಗಬಲ್ಲ. ಬಂಡೆಯ ಪಕ್ಕ ನಿಂತು ಅದೇ ಕೋಲನ್ನು ಗಾಲ್ಫ್ ಆಡುವವರಂತೆ ಬೀಸಿದರೆ ಕಲ್ಲು ಸಿಡಿದು ಹೋಗುತ್ತದೆ. ಹಿಮಾಲಯದ ಹಂತದಲ್ಲಿ ಮಾತ್ರ ಹಿಮದ ಮೇಲೆ ಕುಪ್ಪಳಿಸಲು ಹೋದರೆ ಕೋಲು ಹಿಮದಲ್ಲಿ ಹೂತು ಸ್ಕ್ರೂಜ್ ಸಿಕ್ಕಿಬೀಳುತ್ತಾನೆ. ಅಷ್ಟು ಹೊತ್ತಿಗೆ ಕುಪ್ಪಳಿಸುವುದೇ ರೂಢಿಯಾಗಿರುವ ಆಟಗಾರ ಮತ್ತೆ ನಡೆಯಲು ಕಲಿಯಬೇಕಾಗುತ್ತದೆ. ವಯಸ್ಸಾದವನ ಆಸರೆಯ ಕೋಲು ಅವನ ಆಯುಧವೂ ವಾಹನವೂ ಆಯಿತು. ಗಟ್ಟಿಗರಿಗಿಂತ ಗಟ್ಟಿ, ಚತುರರಿಗಿಂತ ಚತುರ ಎಂದು ಬಾರ್ಕ್ಸ್ ಮಾತಿನಲ್ಲಿ ಹೇಳಿಸಿದ್ದನ್ನು ಗೇಮ್ ಎರಡು ಗುಂಡಿಗಳಲ್ಲಿ ಹೇಳಿತು.

ಗೇಮಿನಲ್ಲಿ ಐದು ತಾಣಗಳಿವೆ: ಅಮೆಜಾನ್, ಟ್ರಾನ್ಸಿಲ್ವೇನಿಯಾ, ಆಫ್ರಿಕಾದ ಗಣಿ, ಹಿಮಾಲಯ, ಚಂದ್ರ. ಯಾವುದನ್ನು ಮೊದಲು ಆಡಬೇಕೆಂಬುದು ಆಟಗಾರನ ಆಯ್ಕೆ. ಬರಿಗಾಳಿಯಲ್ಲಿ ಕೆಲವು ಜಾಗಗಳನ್ನು ಹಾದುಹೋದಾಗ ಮಾತ್ರ ಕಾಣಿಸಿಕೊಳ್ಳುವ ವಜ್ರಗಳನ್ನು ಅಲ್ಲಲ್ಲಿ ಅಡಗಿಸಿಟ್ಟಿದ್ದರಿಂದ, ಮೂಲೆಮೂಲೆ ತಡಕುವ ಲೋಭಿಯ ಬುದ್ಧಿ ಆಡುವವನಿಗೂ ತಾನಾಗಿ ಅಂಟಿಕೊಳ್ಳುತ್ತದೆ. ಈ ತಾಣಗಳ ಕೆಲವು ವಿವರಗಳ ಬೇರು ನೇರವಾಗಿ ಕಾಮಿಕ್ಸ್‌ನಲ್ಲಿದೆ. ಹಿಮಾಲಯದಲ್ಲಿ ದೊರೆಯುವ ಚೆಂಗೀಸ್ ಖಾನನ ಕಿರೀಟ 1956ರ ಬಾರ್ಕ್ಸ್ ಕಥೆಯೊಂದರ ನಿಧಿ. ಗಣಿಯ ಕೊನೆಯಲ್ಲಿ ಉರುಳುತ್ತ ಬರುವ ಭೂಗತ ರಾಜನು, ಅದೇ ವರ್ಷದ ಇನ್ನೊಂದು ಕಥೆಯಲ್ಲಿ ನೆಲದಡಿ ಉರುಳಾಡಿ ಭೂಕಂಪ ಉಂಟುಮಾಡುವ ಗುಂಡು ಜೀವಿಗಳ ವಂಶದವನು. ಎರಡೂ ದೂರದರ್ಶನದ ಮೂಲಕವೇ ಗೇಮಿಗೆ ಬಂದವು. ಹತ್ತು ಲಕ್ಷಕ್ಕೂ ಹೆಚ್ಚು ಪ್ರತಿಗಳು ಮಾರಾಟವಾದ ಈ ಗೇಮಿನ ಚಂದ್ರನ ಹಂತಕ್ಕೆ ಹಿರೊಶಿಗೆ ತೊನೊಮುರಾ ರಚಿಸಿದ ಸಂಗೀತವನ್ನು 8-ಬಿಟ್ ಕಾಲದ ಅತ್ಯುತ್ತಮ ರಚನೆಗಳಲ್ಲಿ ಒಂದೆಂದು ಇಂದಿಗೂ ನುಡಿಸುತ್ತಾರೆ.

ಹಳೆಯ ಗೇಮನ್ನು ಮತ್ತೆ ತರುವುದಕ್ಕೆ ಸ್ಥೂಲವಾಗಿ ಎರಡು ದಾರಿಗಳಿವೆ. ಹಳೆಯ ಯಂತ್ರದ ವರ್ತನೆಯನ್ನು ಹೊಸ ಯಂತ್ರದಲ್ಲಿ ಅನುಕರಿಸಿ ಮೂಲ ಗೇಮನ್ನು ಇದ್ದಂತೆಯೇ ಓಡಿಸುವುದು ಒಂದು. 2017ರಲ್ಲಿ ಬಂದ ‘ದಿ ಡಿಸ್ನಿ ಆಫ್ಟರ್‌ನೂನ್ ಕಲೆಕ್ಷನ್’ ಹೀಗೆ ‘ಡಕ್‌ಟೇಲ್ಸ್’ ಸೇರಿ ಆರು ಹಳೆಯ ಗೇಮ್‌ಗಳನ್ನು, ತಪ್ಪಿದಾಗ ಆಟವನ್ನು ಹಿಂದಕ್ಕೆ ಸುತ್ತುವ ಸೌಲಭ್ಯದೊಂದಿಗೆ ಮರಳಿ ಕೊಟ್ಟಿತು. ಚಿತ್ರ, ಸಂಗೀತ, ಹಂತಗಳ ವಿನ್ಯಾಸ ಎಲ್ಲವನ್ನೂ ಹೊಸದಾಗಿ ರಚಿಸುವುದು ಇನ್ನೊಂದು ದಾರಿ. 2013ರ ಗೇಮ್ ಈ ಎರಡನೆಯ ಬಗೆಯದು. ಅದನ್ನು ತಯಾರಿಸಿದ ವೇಫಾರ್ವರ್ಡ್ ಎಂಬ ಅಮೆರಿಕದ ಸಂಸ್ಥೆ, ಪಾತ್ರಗಳನ್ನು ಕೈಯಿಂದಲೇ ಒಂದೊಂದು ಚೌಕಟ್ಟಾಗಿ ಬಿಡಿಸಿ ಮೂರು ಆಯಾಮದ ಹಿನ್ನೆಲೆಗಳ ಮುಂದೆ ನಿಲ್ಲಿಸಿತು. ಜೇಕ್ ಕಾಫ್ಮನ್ ಹಳೆಯ ರಾಗಗಳನ್ನು ಹೊಸದಾಗಿ ಅಳವಡಿಸಿದರು. ಬೇಕೆಂದವರಿಗೆ 8-ಬಿಟ್ ಸಂಗೀತವನ್ನೂ ಉಳಿಸಿಕೊಟ್ಟರು. ಕೋಲಿನ ಮೇಲೆ ಕುಪ್ಪಳಿಸಲು ಒಂದೇ ಗುಂಡಿ ಸಾಕು, ಹಳೆಯ ಕಷ್ಟವೇ ಬೇಕೆಂದವರಿಗೆ ಆ ಆಯ್ಕೆಯೂ ಇದೆ. ಕುಪ್ಪಳಿಕೆಯ ಎತ್ತರ, ಲಯ, ನೆಲ ಮುಟ್ಟಿದಾಗಿನ ಪುಟಿತ ಇವೆಲ್ಲ ಮೂಲದ ಹತ್ತಿರಕ್ಕೆ ಬಂದಿವೆ. ಮರುಸೃಷ್ಟಿಯ ಅರ್ಧ ಯಶಸ್ಸು ಇಲ್ಲಿಯೇ ಇದೆ, ಏಕೆಂದರೆ ಹಳೆಯ ಆಟಗಾರರ ನೆನಪು ಕಣ್ಣಿಗಿಂತ ಹೆಚ್ಚಾಗಿ ಹೆಬ್ಬೆರಳಿನಲ್ಲಿರುತ್ತದೆ.

ಉಳಿದರ್ಧ ತೊಡಕಿನದು. ಮೂಲ ಗೇಮ್ ಏನನ್ನೂ ವಿವರಿಸಿರಲಿಲ್ಲ. ಸ್ಕ್ರೂಜ್ ಅಮೆಜಾನಿಗೆ ಏಕೆ ಹೋದ, ಚಂದ್ರನ ಮೇಲೆ ಉಸಿರಾಡಿದ್ದು ಹೇಗೆ ಎಂದು ಯಾರೂ ಕೇಳಿರಲಿಲ್ಲ. ವೇಫಾರ್ವರ್ಡ್ ಈ ಖಾಲಿ ಜಾಗಗಳನ್ನೆಲ್ಲ ಕಥೆಯಿಂದ ತುಂಬಿತು. ಆರಂಭದಲ್ಲಿಯೇ ಬೀಗಲ್ ಬಾಯ್ಸ್ ತಿಜೋರಿಗೆ ನುಗ್ಗುವ ಹೊಸ ಹಂತವಿದೆ. ಅಮೆಜಾನಿನಲ್ಲಿ ಎಂಟು ನಾಣ್ಯಗಳನ್ನು ಹುಡುಕಿ ತಂದರೆ ಮಾತ್ರ ಮುಂದಿನ ದಾರಿ ತೆರೆಯುತ್ತದೆ. ಹಿಮಾಲಯದಲ್ಲಿ ಲಾಂಚ್‌ಪ್ಯಾಡ್‌ನ ವಿಮಾನದ ಬಿಡಿಭಾಗಗಳನ್ನು ಆಯ್ದು ಕೊಡಬೇಕು. ಎಲ್ಲಕ್ಕಿಂತ ದೊಡ್ಡ ಬದಲಾವಣೆ ಕೊನೆಯಲ್ಲಿದೆ. ಮೂಲದಲ್ಲಿ ಅಂತಿಮ ಕಾಳಗಕ್ಕೆ ಮತ್ತೆ ಟ್ರಾನ್ಸಿಲ್ವೇನಿಯಾಕ್ಕೇ ಹೋಗಬೇಕಿತ್ತು. ಹೊಸದರಲ್ಲಿ ಮಾಟಗಾತಿ ಮ್ಯಾಜಿಕಾ ಡಿ ಸ್ಪೆಲ್ ಸ್ಕ್ರೂಜ್‌ನ ಮೊದಲ ಗಳಿಕೆಯ ನಾಣ್ಯವನ್ನು ಕದ್ದು ಇಟಲಿಯ ವೆಸೂವಿಯಸ್ ಜ್ವಾಲಾಮುಖಿಗೆ ಒಯ್ಯುತ್ತಾಳೆ. ಈ ಆಯ್ಕೆಯ ಹಿಂದೆ ಆಳವಾದ ಓದಿದೆ. 1961ರಲ್ಲಿ ಬಾರ್ಕ್ಸ್ ಮ್ಯಾಜಿಕಾಳನ್ನು ಸೃಷ್ಟಿಸಿದಾಗ ಅವಳ ಮನೆಯನ್ನು ವೆಸೂವಿಯಸ್‌ನ ಇಳಿಜಾರಿನಲ್ಲಿಯೇ ಇಟ್ಟಿದ್ದರು. ಜಗತ್ತಿನ ಸಿರಿವಂತರು ಮುಟ್ಟಿದ ನಾಣ್ಯಗಳನ್ನು ಆ ಬೆಂಕಿಯಲ್ಲಿ ಕರಗಿಸಿ, ಮುಟ್ಟಿದ್ದೆಲ್ಲ ಚಿನ್ನವಾಗುವ ತಾಯಿತವೊಂದನ್ನು ಮಾಡುವುದು ಅವಳ ಹಂಬಲ. ನೀಲಿ ಕೋಟಿನ ದೂರದರ್ಶನದ ಸ್ಕ್ರೂಜ್‌ನನ್ನೇ ಮುಂದಿಟ್ಟುಕೊಂಡ ಗೇಮ್, ಮುಕ್ತಾಯಕ್ಕೆ ಬಂದಾಗ ಅರ್ಧ ಶತಮಾನದ ಹಿಂದಿನ ಕಾಮಿಕ್ಸ್‌ನ ನೆಲದ ಮೇಲೆ ನಿಂತಿತು. ಆಟದಲ್ಲಿ ಗಳಿಸಿದ ಹಣ ತಿಜೋರಿಯಲ್ಲಿ ಏರುತ್ತ ಹೋಗುವುದನ್ನು ನೋಡಬಹುದು, ಅದರೊಳಗೆ ಧುಮುಕಿ ಈಜಲೂಬಹುದು. 1952ರ ಆ ಧುಮುಕಾಟ ಆಡುವವನ ಕೈಗೆ ಬಂದದ್ದು ನನಗೆ ಈ ಮರುಸೃಷ್ಟಿಯ ಅತ್ಯಂತ ಪ್ರೀತಿಯ ಅಂಶ.

ಹಾಗಿದ್ದರೆ ಬೇಸರ ಏಕೆ? ಉತ್ತರವಿರುವುದು ಸಮಯ ಯಾರ ಹಿಡಿತದಲ್ಲಿದೆ ಎಂಬುದರಲ್ಲಿ. ಕಾಮಿಕ್ಸ್ ಓದುವವನು ಒಂದು ಚೌಕಟ್ಟಿನ ಮೇಲೆ ಎಷ್ಟು ಹೊತ್ತಾದರೂ ನಿಲ್ಲಬಹುದು, ಮಾತನ್ನು ಬಿಟ್ಟು ಚಿತ್ರವನ್ನೇ ನೋಡಬಹುದು, ಪುಟವನ್ನು ಹಿಂದಕ್ಕೆ ತಿರುಗಿಸಬಹುದು. 1989ರ ಗೇಮ್ ಕೂಡ ಹಾಗೆಯೇ: ಯಾವ ತಾಣಕ್ಕೆ ಮೊದಲು ಹೋಗಬೇಕು, ಎಷ್ಟು ತಡಕಬೇಕು, ಯಾವಾಗ ಓಡಬೇಕು ಎಂಬುದನ್ನೆಲ್ಲ ಆಡುವವನೇ ತೀರ್ಮಾನಿಸುತ್ತಿದ್ದನು. ದೂರದರ್ಶನದಲ್ಲಿ ಗಡಿಯಾರ ತಯಾರಕರ ಕೈಯಲ್ಲಿರುತ್ತದೆ, ನೋಡುವವನು ಕಾಯುತ್ತಾನೆ. ಹೊಸ ಗೇಮ್ ದೂರದರ್ಶನದ ಧ್ವನಿಯ ಜೊತೆಗೆ ಅದರ ಗಡಿಯಾರವನ್ನೂ ತಂದಿತು. ಸ್ಕ್ರೂಜ್ ಹತ್ತು ಹೆಜ್ಜೆ ಹೋಗುವಷ್ಟರಲ್ಲಿ ಮಕ್ಕಳು ಮಾತಿಗೆ ನಿಲ್ಲಿಸುತ್ತಾರೆ. ಆಟಗಾರ ಕೈಕಟ್ಟಿ ಕೇಳಬೇಕು, ಇಲ್ಲವೇ ಆಟವನ್ನು ತಡೆದು ಆ ದೃಶ್ಯವನ್ನು ದಾಟಿಸಬೇಕು. ಸೋತು ಹಂತವನ್ನು ಮೊದಲಿನಿಂದ ಆಡುವಾಗ ಅವೇ ಮಾತುಗಳು ಮತ್ತೆ ಬರುತ್ತವೆ. ಅಲನ್ ಯಂಗ್ ಅವರ ದನಿಯ ಸಂತೋಷವೂ ಆಟ ನಿಂತುಹೋಗುವ ಕಿರಿಕಿರಿಯೂ ಒಂದೇ ಮೂಲದಿಂದ ಬಂದವು. ಧ್ವನಿ ಬೇಕು, ಆದರೆ ಅದು ಕುಪ್ಪಳಿಸುತ್ತಿರುವಾಗಲೇ ಕೇಳುವಂತಿದ್ದರೆ ಸಾಕಿತ್ತು ಎಂದು ನನಗೆ ಬಲವಾಗಿ ಅನ್ನಿಸುತ್ತದೆ.

ಖಾಲಿ ಜಾಗಗಳನ್ನು ತುಂಬುವ ಇದೇ ಕೆಲಸವನ್ನು ಕಾಮಿಕ್ಸ್‌ನೊಳಗೆ ಮಾಡಿದವರು ಅಮೆರಿಕದ ಕೆಂಟಕಿ ರಾಜ್ಯದ ಡಾನ್ ರೋಸಾ. ಅವರ ಮೊದಲ ಸ್ಕ್ರೂಜ್ ಕಥೆ ಬಂದದ್ದು ದೂರದರ್ಶನ ಸರಣಿ ಆರಂಭವಾದ 1987ರಲ್ಲಿಯೇ, ಆದರೆ ಅವರು ಆ ಸರಣಿಯನ್ನು ಲೆಕ್ಕಕ್ಕೆ ತೆಗೆದುಕೊಳ್ಳಲಿಲ್ಲ. ಅವರಿಗೆ ಬಾರ್ಕ್ಸ್ ಬರೆದದ್ದಷ್ಟೇ ಪ್ರಮಾಣ. ಬಾರ್ಕ್ಸ್ ಕಥೆಗಳಲ್ಲಿ ಸ್ಕ್ರೂಜ್ ಅಲ್ಲಲ್ಲಿ ಆಡಿದ ನೆನಪಿನ ತುಣುಕುಗಳನ್ನೆಲ್ಲ ಒಟ್ಟುಗೂಡಿಸಿ, 1992ರಿಂದ 1994ರವರೆಗೆ ಹನ್ನೆರಡು ಅಧ್ಯಾಯಗಳಲ್ಲಿ ಅವನ ಜೀವನಚರಿತ್ರೆಯನ್ನೇ ಅವರು ರಚಿಸಿದರು. ಗ್ಲಾಸ್ಗೊ ನಗರದಲ್ಲಿ 1867ರಲ್ಲಿ ಹುಟ್ಟಿ, ಹತ್ತನೆಯ ವಯಸ್ಸಿನಲ್ಲಿ ಬೂಟು ಒರೆಸಿ ಮೊದಲ ನಾಣ್ಯ ಗಳಿಸಿ, ಅದು ಆ ಊರಿನಲ್ಲಿ ಚಲಾವಣೆಯಾಗದ ಅಮೆರಿಕದ ನಾಣ್ಯವೆಂದು ತಿಳಿದು ಹಟ ಹಿಡಿದ ಹುಡುಗ ಕೆನಡಾದ ಕ್ಲೋಂಡೈಕ್‌ನ ಚಿನ್ನದ ನೆಲ ತಲುಪಿ ಸಿರಿವಂತನಾಗುವ ದುಡಿಮೆಯ ಕಥೆ ಅದು. 1995ರಲ್ಲಿ ಅದಕ್ಕೆ ಕಾಮಿಕ್ಸ್‌ಗೆ ಕೊಡುವ ಐಸ್ನರ್ ಪ್ರಶಸ್ತಿ ಬಂತು. ಈ ಕೃತಿ ಮೊದಲು ಪ್ರಕಟವಾದದ್ದು ಯುರೋಪಿನಲ್ಲಿ, ಡೆನ್ಮಾರ್ಕಿನ ಎಗ್ಮಾಂಟ್ ಸಂಸ್ಥೆಗಾಗಿ. ಅಮೆರಿಕದಲ್ಲಿ ಈ ಕಾಮಿಕ್ಸ್‌ನ ಓದುಗರು ಕಡಿಮೆಯಾಗುತ್ತಿದ್ದ ಕಾಲದಲ್ಲಿ ಡೆನ್ಮಾರ್ಕ್, ಫಿನ್ಲೆಂಡ್, ಜರ್ಮನಿ, ಇಟಲಿಗಳಲ್ಲಿ ಬಾತುಕೋಳಿ ಪತ್ರಿಕೆಗಳು ಮನೆಮನೆಗೂ ಬರುತ್ತಿದ್ದವು.

2017ರಲ್ಲಿ ದೂರದರ್ಶನ ಸರಣಿಯೇ ಹೊಸದಾಗಿ ಬಂದಾಗ ಈ ಧಾರೆಗಳೆಲ್ಲ ಒಂದೆಡೆ ಸೇರಿದವು. ಸ್ಕ್ರೂಜ್ ಮತ್ತೆ ಕೆಂಪು ಕೋಟು ತೊಟ್ಟನು, ಬಾರ್ಕ್ಸ್ ಮತ್ತು ರೋಸಾ ಕಥೆಗಳ ಎಷ್ಟೋ ಗುರುತುಗಳು ಕಂತುಗಳಲ್ಲಿ ಸೇರಿಕೊಂಡವು. ಮೂವರು ಹುಡುಗರ ತಾಯಿ ಡೆಲ್ಲಾ ಚಂದ್ರನ ಮೇಲೆ ಸಿಕ್ಕಿಬಿದ್ದಿರುವ ಕಥೆಯನ್ನು 2019ರ ಕಂತೊಂದು ಹೇಳಿತು. ಅಲ್ಲಿ ಅವಳು ಮಕ್ಕಳಿಗಾಗಿ ಹಾಡುವ ಹಾಡಿನ ಧಾಟಿ ತೊನೊಮುರಾ ಅವರ ಚಂದ್ರನ ಹಂತದ ಸಂಗೀತವೇ. ಗೇಮ್ ಯಾವ ಸರಣಿಯಿಂದ ಹುಟ್ಟಿತೋ ಅದೇ ಸರಣಿಯ ಹೊಸ ರೂಪ, ಮೂವತ್ತು ವರ್ಷಗಳ ಬಳಿಕ, ಗೇಮಿನಿಂದ ಕಡ ತೆಗೆದುಕೊಂಡಿತು.

ಇವುಗಳಲ್ಲಿ ಯಾವುದು ಕೈಗೆ ಸಿಗುತ್ತದೆ ಎಂಬುದೂ ಮುಖ್ಯವಾದ ಪ್ರಶ್ನೆ. ಬಾರ್ಕ್ಸ್ ಕಥೆಗಳ ಸಂಪುಟಗಳನ್ನು ಫ್ಯಾಂಟಾಗ್ರಾಫಿಕ್ಸ್ ಸಂಸ್ಥೆ 2011ರಿಂದ ಪ್ರಕಟಿಸುತ್ತ ಬಂದಿದೆ. 2013ರ ಗೇಮನ್ನಾದರೋ 2019ರ ಆಗಸ್ಟ್‌ನಲ್ಲಿ ಅಂತರ್ಜಾಲದ ಅಂಗಡಿಗಳಿಂದ ತೆಗೆದುಹಾಕಲಾಯಿತು. 2020ರ ಮಾರ್ಚ್‌ನಲ್ಲಿ ಅದು ಮರಳಿತು. ಪಾತ್ರದ ಹಕ್ಕು ಒಂದು ಕಂಪನಿಯದು, ಗೇಮಿನ ಹಕ್ಕು ಇನ್ನೊಂದರದು ಆಗಿರುವಾಗ ಪ್ರೀತಿಯಿಂದ ಮಾಡಿದ ಮರುಸೃಷ್ಟಿಯೂ ಹೀಗೆ ಕೆಲ ಕಾಲ ಕಣ್ಮರೆಯಾಗಬಹುದು. ಹೊಸದಾಗಿ ಸ್ಕ್ರೂಜ್‌ನನ್ನು ಪರಿಚಯ ಮಾಡಿಕೊಳ್ಳುವವರು 1952ರ ಕಥೆಯಿಂದ ಆರಂಭಿಸಿ, 2017ರ ಸಂಗ್ರಹದಲ್ಲಿರುವ ಮೂಲ ಗೇಮನ್ನು ಕೋಲು ಕೈಗೆ ಒಗ್ಗುವವರೆಗೆ ಆಡಿ, ಅನಂತರ 2013ರ ಗೇಮಿಗೆ ಬಂದರೆ ವೆಸೂವಿಯಸ್ ಅಲ್ಲಿ ಏಕಿದೆ, ತಿಜೋರಿಗೆ ಧುಮುಕುವ ಅವಕಾಶವನ್ನು ಏಕೆ ಕೊಟ್ಟಿದ್ದಾರೆ ಎಂಬುದು ಯಾರೂ ಹೇಳದೆಯೇ ತಿಳಿಯುತ್ತದೆ.